ಒಂದು ಕೊಡ ನೀರು

ಕೊರಟಗೆರೆ ಸಂತೆಯಲ್ಲಿ ಹೋದ ವಾರ ಮಿಡಿಗೇಶಿ ಕಡೆಯ ಕುರಿ ವ್ಯಾಪಾರಿಯೊಬ್ಬ ಸಿಕ್ಕಿದ. ನನ್ನ ಗುರುತು ಹಿಡಿದು, ತಲೆಯ ವಲ್ಲಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ಮೇಷ್ಟ್ರೆ, ಕಂಬ್ಳಿ ತಾತ ಹೋಗ್ಬುಟ್ಟ" ಎಂದ. ಆಮೇಲೆ ನಾನು, ಮಣ್ಣು ಮಾಡುವಾಗ ಜನ ಏನು ಮಾತಾಡಿಕೊಂಡರು ಎಂದು ಕೇಳಿದೆ.

"ಏನಂತಾರೆ? ಅಂಥಾ ಮನ್ಸ ಇನ್ನು ಹುಟ್ಟಾಕಿಲ್ಲ ಅಂದ್ರು. ಹೊಗಳಿದ್ದೇ ಹೊಗಳಿದ್ದು."

"ಒಬ್ಬರಾದರೂ ಒಂದು ತಪ್ಪು ಹೇಳಲಿಲ್ಲವೆ?"

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೇಷ್ಟರಿಗೆ ಬಿಸಿಲು ತಲೆಗೇರಿದೆ ಎಂದುಕೊಂಡನೋ ಏನೋ, ಕುರಿ ಹೊಡೆದುಕೊಂಡು ಮುಂದೆ ಹೋದ.

ಸತ್ತವರನ್ನು ಹೊಗಳುವುದು ಲೋಕದ ಮರ್ಯಾದೆ. ಆದರೆ ತಾತನನ್ನು ಬರೀ ಹೊಗಳಿದರೆ ಮಣ್ಣಿನಿಂದ ಎದ್ದು ಕೂತು, "ಎಲ್ಲಿ ಸೋರ್ತದೆ, ಅದ್ನ ಹೇಳ್ರಲಾ" ಅಂದಾನು. ಆದ್ದರಿಂದ ತಪ್ಪುಗಳನ್ನೇ ಮೊದಲು ಬರೆದುಬಿಡುತ್ತೇನೆ. ತಾತ ನಶ್ಯ ಏರಿಸುತ್ತಿದ್ದ. ಏರಿಸಿದ ಬೆರಳನ್ನು ಪಕ್ಕದಲ್ಲಿ ಕೂತವರ ಪಂಚೆಗೆ ಒರೆಸುತ್ತಿದ್ದ. ಯಾರಾದರೂ ಊಟಕ್ಕೆ ಕರೆದರೆ, ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಎಲೆಯ ಮುಂದೆಯೇ ಹೇಳುತ್ತಿದ್ದ. ಹೀಗಾಗಿ ಕರೆಯುವವರು ಕಡಿಮೆ. ಕಂಬಳಿ ನೇಯುವ ಮಗ್ಗದಲ್ಲಿ ಕೂತು ಹಾಡುತ್ತಿದ್ದ. ಆ ಹಾಡಿಗೆ ಮೇಯುವ ಕುರಿ ತಲೆ ಎತ್ತಿ ನೋಡುತ್ತಿದ್ದವು. ಚೆನ್ನಾಗಿಲ್ಲ ತಾತ ಎಂದು ಒಮ್ಮೆ ಧೈರ್ಯ ಮಾಡಿ ಹೇಳಿದೆ. "ಗೊತ್ತು ಕಣಪ್ಪ. ನೀವು ಹೇಳಿದ್ದು ಒಳ್ಳೇದಾಯ್ತು. ಇನ್ಮ್ಯಾಕೆ ಮೆತ್ತಗೆ ಹಾಡ್ತೀನಿ" ಎಂದ. ಮೆತ್ತಗೆ ಹಾಡಿದರೂ ಚೆನ್ನಾಗಿರಲಿಲ್ಲ.

ತಾತನ ಹೆಸರು ಬರೆಯುವುದಿಲ್ಲ. ಅವನ ಊರಿನಲ್ಲಿ ಅದೇ ಹೆಸರಿನವರು ಇನ್ನೂ ಐವರಿದ್ದಾರೆ. ಇಲ್ಲಿ ಅಪ್ಪಿತಪ್ಪಿ ಒಂದು ಹೊಗಳಿಕೆ ನುಸುಳಿದರೆ ಐವರೂ ತಮಗೇ ಎಂದುಕೊಂಡಾರು.

ನಾನು ಮಿಡಿಗೇಶಿ ಬೆಟ್ಟದ ಹಿಂಬದಿಯ ಆ ಹಳ್ಳಿಗೆ ಪ್ರೈಮರಿ ಶಾಲೆಯ ಮೇಷ್ಟರಾಗಿ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ಮಹಾರಾಜರ ಸರ್ಕಾರದ ನೌಕರಿ, ಕಪ್ಪು ಕೋಟು, ತಲೆಗೆ ಪೇಟ. ಶಾಲೆ ಎಂದರೆ ಹಳೆಯ ಚಾವಡಿ. ಎದುರಿಗೇ ತಾತನ ಮನೆ, ಜಗಲಿಯ ಪಕ್ಕದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ತಾತನ ಬೋಳು ತಲೆ ಮಾತ್ರ ನನ್ನ ಕುರ್ಚಿಗೆ ಕಾಣುತ್ತಿತ್ತು. ಸುತ್ತಲಿನ ಕುರಿಗಾಹಿಗಳಿಗೆಲ್ಲ ಉಣ್ಣೆ ಹೊದಿಸಿದವನ ತಲೆಯ ಮೇಲೆ ಒಂದೇ ಒಂದು ಎಳೆ ಇರಲಿಲ್ಲ.

ನೇಯ್ದ ಕಂಬಳಿಯನ್ನು ತಾತ ಯಾರಿಗೂ ಸುಮ್ಮನೆ ಎತ್ತಿ ಕೊಡುತ್ತಿರಲಿಲ್ಲ. ಅದಕ್ಕೊಂದು ಪರೀಕ್ಷೆ ಇತ್ತು. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ನಡುವೆ ಜೋಲಿಯಂತೆ ತಗ್ಗು ಬಿಡಬೇಕು. ತಾತ ಅದರೊಳಕ್ಕೆ ಒಂದು ಕೊಡ ನೀರು ಹುಯ್ಯುತ್ತಿದ್ದ. ಆಮೇಲೆ ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಅದನ್ನು ಪೂರಾ ಅಗಿದು ಉಗುಳುವ ತನಕ ಯಾರೂ ಅಲುಗಾಡುವಂತಿಲ್ಲ. ಉಗುಳಿದ ಮೇಲೆ ಒಬ್ಬೊಬ್ಬರನ್ನೇ "ನಿನ್ ಮೂಲೆ?" ಎಂದು ಕೇಳುತ್ತಿದ್ದ. ಕೆಳಗಿನ ಒಣ ಮಣ್ಣಿನ ಮೇಲೆ ಒಂದು ಹನಿ ಬಿದ್ದಿದ್ದರೂ ಕಂಬಳಿ ವಾಪಸ್ ಒಳಕ್ಕೆ. ಹಸ್ತದ ಮಳೆಯಲ್ಲಿ ವಾರಗಟ್ಟಲೆ ಬಯಲಿನಲ್ಲಿ ಕುರಿಯ ಜೊತೆ ಮಲಗುವವರಿಗೆ ಕಂಬಳಿಯೇ ಸೂರು. ಅದು ಸೋರಿದರೆ ಬೇರೆ ಸೂರಿಲ್ಲ.

ಹನಿ ಬಿದ್ದಾಗ ಮೂಲೆ ಹಿಡಿದವರು ದಾಕ್ಷಿಣ್ಯಕ್ಕೆ, ನೀರು ಜಾಸ್ತಿ ಹುಯ್ದೆ ತಾತ ಎನ್ನುವುದಿತ್ತು. ಅದಕ್ಕೆ ಅವನದು ಒಂದೇ ಉತ್ತರ: "ಸೋರಿದ್ರೆ ಕಂಬ್ಳಿ ಸೋರ್ತು ಅನ್ರಲಾ. ಮಳೆ ಜಾಸ್ತಿ ಆಯ್ತು ಅನ್ಬ್ಯಾಡ್ರಿ."

ಈ ಮಾತು ಕಂಬಳಿಗೆ ಮಾತ್ರ ನಿಲ್ಲುತ್ತಿರಲಿಲ್ಲ. ಮುದ್ದೆ ಗಂಟುಗಂಟಾಯಿತೆಂದು ಅವನ ಹೆಂಡತಿ ಹಸಿ ಸೌದೆಯನ್ನು ಬೈದರೆ, ಎತ್ತು ಜಾರಿ ಬಿತ್ತೆಂದು ಪಟೇಲರು ದಾರಿಯನ್ನು ಬೈದರೆ, ಮಗ್ಗದ ಗುಂಡಿಯೊಳಗಿಂದ "ಮಳೆ ಜಾಸ್ತಿ ಆಯ್ತೇನೋ!" ಎಂದು ದನಿ ಏಳುತ್ತಿತ್ತು. "ನಿನ್ ಬಾಯ್ಗಿಷ್ಟು ಮಣ್ಣಾಕ" ಎಂದು ಅಜ್ಜಿ ಒಳಗಿನಿಂದ ಹರಸುತ್ತಿದ್ದಳು.

ಒಮ್ಮೆ ಪಾವಗಡದ ಆಚೆಯಿಂದ ಒಬ್ಬ ಹೆಂಗಸು ಕಂಬಳಿಯ ಗಂಟು ಹೊತ್ತು ಬೈಯುತ್ತಲೇ ಊರೊಳಗೆ ಬಂದಳು. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಬೈಗುಳ ಮಾತ್ರ ಎರಡರಲ್ಲೂ ಪೂರ್ತಿ. "ಇದೇಮಿ ಕಂಬಳಿ! ಇದು ಜಲ್ಲೆಡ, ಜರಡಿ! ರಾಗಿ ಹಿಟ್ಟು ಹಿಡಿಯೋಕೆ ನೀನೇ ಮಡಿಕ್ಕೋ!" ಅವಳ ಗಂಡ ಅದನ್ನು ಹೊದ್ದು ಮೂರು ದಿನ ಮಳೆಯಲ್ಲಿ ಕೂತು, ಈಗ ಹದಿನೈದು ದಿನದಿಂದ ಕೆಮ್ಮುತ್ತಿದ್ದನಂತೆ. ನಾನು ಪಾಠ ನಿಲ್ಲಿಸಿ ಬಾಗಿಲಿಗೆ ಬಂದೆ. ಊರಿನವರು ನಾಲ್ಕು ಜನ ಅವಳನ್ನು ಗದರಿಸಲು ಮುಂದಾದರು.

ತಾತ ಗುಂಡಿಯಿಂದ ಎದ್ದು ಬಂದು, ಅವಳು ತಂದ ಕಂಬಳಿಯನ್ನೇ ಜಗಲಿಯ ಮೇಲೆ ಹಾಸಿ ಅವಳನ್ನು ಕೂರಿಸಿದ. ಅಜ್ಜಿಯಿಂದ ಮಜ್ಜಿಗೆ ಕೊಡಿಸಿದ. ಅವಳು ಕುಡಿದು ಚೊಂಬು ಕೆಳಗಿಟ್ಟ ಮೇಲೆ ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಈಗ ಮೊದ್ಲಿಂದ ಬಯ್ಯವ್ವ. ಬಿರ್ರನೆ ಬೈದುಬುಟ್ಟೆ, ನಂಗೆ ಪೂರಾ ಗೊತ್ತಾಗ್ಲಿಲ್ಲ. ಎಲ್ಲಿ ಸೋರ್ತು? ಮೊದಲ್ನೇ ದಿನಾನೋ, ಆಮ್ಯಾಕೋ?" ಎಂದು ಕೇಳಿದ.

ಬೈಯಲು ಬಂದವರನ್ನು ಇಷ್ಟು ಮರ್ಯಾದೆಯಿಂದ ಬೈಯಿರಿ ಎಂದರೆ ಬೈಗುಳ ನಾಲಗೆಗೆ ಬರುವುದಿಲ್ಲ. ಅವಳು ಮೆತ್ತಗಾಗಿ ಎಲ್ಲ ಹೇಳಿದಳು. ಮೊದಲ ದಿನ ತಡೆದಿತ್ತು, ಎರಡನೆಯ ದಿನ ಸೋರಿತು. ತಾತ ಕಂಬಳಿಯನ್ನು ಬಿಸಿಲಿಗೆ ಹಿಡಿದು ನೋಡಿ, ನೂಲಿಗೆ ಹಾಕುವ ಹುಣಸೆಬೀಜದ ಗಂಜಿ ಆ ಸಲ ತೆಳ್ಳಗಾಗಿತ್ತು, ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಬೇರೆ ಕಂಬಳಿ ತಂದು ಅವಳ ಕೈಯಿಂದಲೇ ನೀರು ಹುಯ್ಯಿಸಿ ಕೊಟ್ಟ. ಅವತ್ತಿನಿಂದ ಪರೀಕ್ಷೆಗೆ ಒಂದು ಎಲೆಅಡಿಕೆಯ ಬದಲು ಎರಡು ಎಲೆಅಡಿಕೆಯ ಹೊತ್ತಾಯಿತು. ಹೊರಟವಳು ಬೀದಿಯ ತಿರುವಿನಲ್ಲಿ ನಿಂತು ಹಿಂದೆ ನೋಡಿ, "ತಾತಾ, ಮಜ್ಜಿಗಲೋ ಉಪ್ಪು ಲೇದು!" ಎಂದು ಕೂಗಿದಳು.

"ಕೇಳಿಸ್ತಾ? ಉಪ್ಪಿಲ್ವಂತೆ" ಎಂದು ತಾತ ಒಳಗೆ ತಿರುಗಿ ಹೇಳಿದ. ಅಜ್ಜಿ ಮುಂದಿನ ಮೂರು ದಿನ ಅವನಿಗೂ ಉಪ್ಪಿಲ್ಲದ ಮಜ್ಜಿಗೆಯನ್ನೇ ಕೊಟ್ಟಳು.

ಇದನ್ನೆಲ್ಲ ನಾನು ಬಾಗಿಲಲ್ಲಿ ನಿಂತು ನೋಡಿ ನಗುತ್ತಿದ್ದವನು. ನೀರು ನನ್ನ ಮೇಲೆ ಬೀಳುವ ಸರದಿ ಇನ್ನೂ ಬಂದಿರಲಿಲ್ಲ.

ಅದು ಬಂದದ್ದು ಮಧುಗಿರಿಯಿಂದ ಶಾಲೆಯ ಇನ್ಸ್‌ಪೆಕ್ಟರು ಬಂದ ದಿನ. ಹಿಂದಿನ ಸಾಲಿನವರನ್ನು ಎಬ್ಬಿಸಿ, ಹನ್ನೆರಡು ಕುರಿಗೆ ಎಷ್ಟು ಕಾಲು ಎಂದು ಕೇಳಿದರು. ಕುರಿಗಳ ನಡುವೆಯೇ ಹುಟ್ಟಿದ ಮಕ್ಕಳು, ಕುರಿಯನ್ನೇ ಕಂಡಿಲ್ಲವೆಂಬಂತೆ ನಿಂತವು. ಇನ್ಸ್‌ಪೆಕ್ಟರು ಭೇಟಿ ಪುಸ್ತಕದಲ್ಲಿ ಎರಡೇ ಸಾಲು ಬರೆದರು: "ಮೇಷ್ಟರಿಗೆ ಗಣಿತ ಬರುತ್ತದೆ. ಮಕ್ಕಳಿಗೆ ಬರುವುದಿಲ್ಲ."

ಸಂಜೆ ತಾತನ ಜಗಲಿಯ ಮೇಲೆ ಕೂತು ಕೊಟ್ಟೆ ನೋಡಿ ಒಂದು ಭಾಷಣ. ಕಳೆ ತೆಗೆಯುವ ಕಾಲಕ್ಕೆ ಮಕ್ಕಳು ಬರುವುದಿಲ್ಲ, ಬಂದವರಿಗೆ ಸ್ಲೇಟಿಲ್ಲ, ಸ್ಲೇಟಿದ್ದವರಿಗೆ ಬಳಪವಿಲ್ಲ, ಅಪ್ಪ ಅಮ್ಮಂದಿರಿಗೆ ಅಕ್ಷರವಿಲ್ಲ, ಇನ್ಸ್‌ಪೆಕ್ಟರಿಗೆ ಕರುಣೆಯಿಲ್ಲ. ತಾತ ಪೂರ್ತಿ ಕೇಳಿ, ಒಂದು ಚಿಟಿಕೆ ನಶ್ಯ ಏರಿಸಿ, ಬೆರಳನ್ನು ನನ್ನ ಪಂಚೆಗೆ ಒರೆಸಿ, "ಭಾರೀ ಮಳೆ ಆಗೈತೆ ಪಾಪ" ಎಂದ.

ಮಾರನೆಯ ದಿನ ಉಣ್ಣೆಯನ್ನೂ ತಕಲಿಯನ್ನೂ ಹಿಡಿದುಕೊಂಡು ಬಂದು ಚಾವಡಿಯ ಹಿಂದಿನ ಸಾಲಿನಲ್ಲಿ ಕೂತು ನೂಲತೊಡಗಿದ. ಮೂರು ದಿನ ಹೀಗೇ ಬಂದ. ಮೂರನೆಯ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಹೇಳಿದ:

"ಮೇಷ್ಟ್ರೆ, ಒಂದು ಮಾತು. ಬೇಜಾರ್ ಮಾಡ್ಕೊಬ್ಯಾಡಿ. ಮಾಡ್ಕೊಂಡ್ರೂ ಹೇಳ್ತೀನಿ. ನೀವು ಕೇಳೋದೆಲ್ಲ ಮುಂದಿನ ಸಾಲ್ನೋರ್ನ. ಅವು ನೀವು ಬಾಯಿ ಬುಡೋಕೆ ಮುಂಚೆ ಹೇಳ್ತವೆ. ಹಿಂದಿನವ್ಕೆ ತಿಳೀಲಿಲ್ಲ ಅಂದ್ರೆ ಸಿಟ್ಟು ಮಾಡ್ಕೊಂಡು ಆ ಕರೀ ಹಲಗೆ ಕಡೀಕೆ ತಿರುಗ್ಕೊತೀರಿ. ಮೂರು ದಿನದಾಗೆ ಹಿಂದ್ಲ ಸಾಲಿನ ಒಂದು ಮಖಾನೂ ನೀವು ನೋಡ್ಲಿಲ್ಲ. ನಾನು ಅಲ್ಲೇ ಕೂತಿದ್ನಲ್ಲ, ನನ್ ಮಖಾನೇ ನೋಡ್ಲಿಲ್ಲ!"

ನಾನು ನಾರ್ಮಲ್ ಸ್ಕೂಲಿನಲ್ಲಿ ತರಬೇತಿ ಪಡೆದವನು. ಇವನಿಗೆ ಅ ಆ ಬಾರದು. ಮೈ ಉರಿದುಹೋಯಿತು. ಅವತ್ತಿನಿಂದ ತಾತನ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟು, ತಿಪ್ಪೆಗಳ ಹಿಂದಿನ ಸಂದಿಯಿಂದ ಸುತ್ತು ಬಳಸಿ ಶಾಲೆಗೆ ಬರತೊಡಗಿದೆ. ಎರಡು ವಾರ ಹೀಗೆ ನಡೆಯಿತು. ನನ್ನ ಕಾಲಿನ ಜೋಡು ಹಾಳಾದವು. ತಾತನಿಗೇನೂ ನಷ್ಟವಾಗಲಿಲ್ಲ.

ಒಂದು ಮಧ್ಯಾಹ್ನ ಶಾಲೆಯಲ್ಲಿ ಯಾರೂ ಇಲ್ಲದಾಗ, ಕಳ್ಳನಂತೆ ಅತ್ತಿತ್ತ ನೋಡಿ, ಹಿಂದಿನ ಸಾಲಿಗೆ ಹೋಗಿ ನೆಲದ ಮೇಲೆ ಕೂತೆ. ಕೂತು ನೋಡುತ್ತೇನೆ, ನನ್ನ ಮುತ್ತಿನಂಥ ಅಕ್ಷರ ಅಲ್ಲಿಗೆ ಕಾಣುವುದೇ ಇಲ್ಲ! ಬಾಗಿಲ ಬೆಳಕು ಬಿದ್ದು ಹಲಗೆಯ ಮೇಲರ್ಧ ಬೆಳ್ಳಗೆ ಹೊಳೆಯುತ್ತಿತ್ತು. ಒಂದು ವರ್ಷ ನಾನು ಆ ಮಕ್ಕಳಿಗೆ ಬೆಳಕನ್ನು ಓದಿ ಎಂದು ಬೈದಿದ್ದೆ. ನಾಚಿಕೆಯಾಯಿತು. ಹಲಗೆಯನ್ನು ಗೋಡೆ ಬದಲಿಸಿದೆ. ಮರುದಿನದಿಂದ ಮೊದಲ ಪ್ರಶ್ನೆ ಹಿಂದಿನ ಸಾಲಿಗೆ ಎಂದು ನೇಮ ಮಾಡಿಕೊಂಡೆ. ಸಂಜೆ ತಾತನ ಮನೆಯ ಮುಂದೆಯೇ ಹೊರಟೆ.

"ಏನ್ ಮೇಷ್ಟ್ರೆ, ದಾರಿ ಸಿಕ್ತಾ?" ಎಂದ ತಾತ ಮಗ್ಗದಿಂದ ತಲೆಯೆತ್ತದೆ. "ಆ ಸಂದೀಲಿ ನಾತ ಜಾಸ್ತಿ ಕಣಪ್ಪ."

ಕೆಲವು ವರ್ಷ ಕಳೆದವು. ತಾತನ ಕಣ್ಣಿಗೆ ಪೊರೆ ಬಂತು. ಕೈ ಅಭ್ಯಾಸದಿಂದ ಲಾಳಿ ಓಡುತ್ತಿತ್ತು; ಆದರೆ ಎಳೆ ಕಡಿದದ್ದು ಕಾಣುತ್ತಿರಲಿಲ್ಲ. ಆ ಯುಗಾದಿಯ ಹೊತ್ತಿಗೆ ಒಂದು ಕಂಬಳಿಯ ಪರೀಕ್ಷೆಗೆ ನಾನೂ ಒಂದು ಮೂಲೆ ಹಿಡಿದೆ. ನೀರು ಹುಯ್ದ. ನಡುವಿನಲ್ಲಿ ಹನಿ ಸದ್ದಿಲ್ಲದೆ ಒಣ ಮಣ್ಣಿಗೆ ಬಿದ್ದವು. ನಾನು ಬಾಯಿ ತೆರೆಯುವಷ್ಟರಲ್ಲಿ ಎದುರು ಮೂಲೆಯಲ್ಲಿದ್ದ ತಾತನ ಮಗ ನನಗೆ ಕಣ್ಣು ಮಿಟುಕಿಸಿ, ಕಾಲಿನ ಹೆಬ್ಬೆರಳಿನಿಂದ ಒದ್ದೆ ಮಣ್ಣನ್ನು ಮೆಲ್ಲಗೆ ಕೆದಕಿ ಮುಚ್ಚಿದ.

"ನಿನ್ ಮೂಲೆ?"

"ಹನಿ ಇಲ್ಲ ಕಣಪ್ಪೋ."

"ಮೇಷ್ಟ್ರ ಮೂಲೆ?"

"ಇಲ್ಲ ತಾತ" ಎಂದೆ ನಾನೂ.

ಆಮೇಲೆ ತಿಳಿಯಿತು, ಇಡೀ ಊರೇ ಈ ಸಂಚಿನಲ್ಲಿತ್ತು. ತಾತನ ಮನಸ್ಸು ನೋಯಬಾರದೆಂದು ಊರಿನ ಕುರಿಗಾಹಿಗಳೆಲ್ಲ ಎರಡೆರಡು ಕಂಬಳಿ ಇಟ್ಟುಕೊಂಡಿದ್ದರು. ಒಂದು ಶಿರಾದಿಂದ ತಂದದ್ದು, ಮಳೆಗೆ. ಇನ್ನೊಂದು ತಾತ ನೇಯ್ದದ್ದು, ತಾತನ ಬಾಗಿಲ ಮುಂದೆ ಹಾಯುವುದಕ್ಕೆ. ಬೀದಿಯ ತಿರುವಿನಲ್ಲಿ ನಿಂತು ಒಂದನ್ನು ಬಿಚ್ಚಿ ಇನ್ನೊಂದನ್ನು ಹೊದ್ದುಕೊಳ್ಳುವ ಅವರ ಅವಸರ ನೋಡಿದರೆ, ನಾಟಕದವರು ವೇಷ ಬದಲಿಸುವುದು ಏನೂ ಅಲ್ಲ. ಮಿಂಚಿನಂಥ ಕೆಲಸ. ತಾತ ಮಗ್ಗದಿಂದ, "ಹೆಂಗೈತಲಾ ಕಂಬ್ಳಿ?" ಎಂದು ಕೂಗಿದರೆ, "ಬೆಚ್ಚಗೈತೆ ತಾತ!" ಎಂದು ಒದ್ದೆಯಾಗುತ್ತಲೇ ಕೂಗುತ್ತಿದ್ದರು. ಎಲ್ಲರಿಗೂ ಅವನ ಮೇಲೆ ಪ್ರೀತಿ. ಆ ಪ್ರೀತಿಯಲ್ಲಿ ನಾನೂ ಮೂರು ಸಲ ಮೂಲೆ ಹಿಡಿದೆ, ಮೂರು ಸಲವೂ ಇಲ್ಲ ಎಂದೆ.

ಹಸ್ತದ ಮಳೆ ಹಿಡಿಯುವ ಹಿಂದಿನ ವಾರ ಬರಗೂರು ಕಡೆಯ ಕುರಿಗಾಹಿಯೊಬ್ಬ ಬಂದ. ಅವನಿಗೆ ಊರಿನ ಸಂಚು ಗೊತ್ತಿಲ್ಲ. ತಾತನ ಹೆಸರು ಕೇಳಿಯೇ ಬಂದವನು. ಕುರಿಗಳನ್ನು ಊರ ಹೊರಗೆ ಬಿಟ್ಟು, ಅವುಗಳ ಕಡೆ ಒಂದು ಕಣ್ಣಿಟ್ಟು ಬೀದಿಯ ತುದಿಯಲ್ಲೇ ನಿಂತ. "ನೋಡೋದೇನೈತೆ? ತಾತನ ಕಂಬ್ಳಿ ಅಂದ್ಮ್ಯಾಕೆ ಮುಗೀತು. ನಾಳೆನೇ ಬೆಟ್ಟದ ಸಾಲಿಗೆ ಹೊಡ್ಕೊಂಡು ಹೋಗ್ತೀನಿ, ಹದಿನೈದು ದಿನ ಅಲ್ಲೇ" ಎಂದ.

ನಾಲ್ಕು ಜನ ಮೂಲೆ ಹಿಡಿದೆವು. ನೀರು ಬಿತ್ತು. ಕೆಳಗೆ ಹನಿಗಳು ಸಾಲಾಗಿ ಬಿದ್ದವು. ಹೆಬ್ಬೆರಳುಗಳು ತಮ್ಮ ಕೆಲಸ ಮಾಡಿದವು. ತಾತ ನಿಧಾನವಾಗಿ ಎರಡು ಎಲೆಅಡಿಕೆ ಅಗಿದು ಉಗುಳಿದ. ಮಗ ಇಲ್ಲ ಎಂದ. ಎರಡನೆಯವನು ಇಲ್ಲ ಎಂದ. ಮೂರನೆಯವನೂ ಇಲ್ಲ ಎಂದ.

"ಮೇಷ್ಟ್ರ ಮೂಲೆ?"

ನಾನು ಬೀದಿಯ ತುದಿಯಲ್ಲಿ ನಿಂತಿದ್ದ ಆ ಬರಗೂರಿನವನನ್ನು ನೋಡಿದೆ. ಮೈಮೇಲೆ ಒಂದು ಹರಕು ಅಂಗಿ. ಇವನ ಹತ್ತಿರ ಎರಡನೆಯ ಕಂಬಳಿ ಇರಲಿಲ್ಲ.

"ಸೋರ್ತಾ ಇದೆ ತಾತ" ಎಂದೆ.

ಮೂರು ಮೂಲೆಯವರೂ ನನ್ನನ್ನು ನುಂಗುವಂತೆ ನೋಡಿದರು. ತಾತನ ಮುಖ ನನ್ನ ದನಿಯ ಕಡೆ ತಿರುಗಿತು.

"ಎಲ್ಲಿ?"

"ನಡುವೆ, ಮೂರು ಕಡೆ."

"ಯಾವಾಗಿಂದ ಇಂಗೆ?"

ಈ ಪ್ರಶ್ನೆಯನ್ನು ನಾನು ಎಣಿಸಿರಲಿಲ್ಲ. "ಯುಗಾದಿಯಿಂದ" ಎಂದೆ.

ತಾತ ಬರಗೂರಿನವನ ಕಡೆ ಕೈಯೆತ್ತಿ, "ತಮ್ಮಾ, ಇದು ಸೋರ್ತದೆ. ನಿಂಗ್ ಬ್ಯಾಡ" ಎಂದು ಹೇಳಿ, ಗೋಡೆ ಹಿಡಿದುಕೊಂಡು ಒಳಗೆ ಹೋದ. ಮಗ ತಲೆತಗ್ಗಿಸಿಕೊಂಡು ಹೋಗಿ ತನ್ನ ಶಿರಾ ಕಂಬಳಿಯನ್ನೇ ತಂದು ಆ ಮನುಷ್ಯನಿಗೆ ಕೊಟ್ಟ.

ಎರಡು ದಿನ ಮಗ್ಗದ ಸದ್ದಿಲ್ಲ. ಹಾಡೂ ಇಲ್ಲ. ಆ ಕೆಟ್ಟ ಹಾಡಿಗಾಗಿ ನಾನು ಅಷ್ಟು ಹಾತೊರೆದದ್ದು ಅದೇ ಮೊದಲು. ಅಜ್ಜಿ ಬಾವಿಯ ಹತ್ತಿರ ನನ್ನನ್ನು ಕಂಡು ಮುಖ ತಿರುಗಿಸಿದಳು. "ನಿಮ್ಗ್ಯಾಕೆ ಬೇಕಿತ್ತು ಮೇಷ್ಟ್ರೆ, ಮುದುಕನ ಜೀವ ಹಿಂಡೋಕೆ?" ಎಂದರು ಊರಿನವರು. ನಿಜ ಹೇಳಿದವನಿಗೆ ಸಮಾಧಾನ ಸಿಗುತ್ತದೆ ಎಂದು ಪಾಠದ ಪುಸ್ತಕದಲ್ಲಿದೆ. ನನಗಂತೂ ಅನ್ನ ಸೇರಲಿಲ್ಲ. ಜೀವನವಿಡೀ ಮಳೆಯನ್ನು ಬೈಯದಿದ್ದ ಮನುಷ್ಯ ಈಗ ಏನು ಮಾಡಿಯಾನು ಎಂಬುದೊಂದೇ ಯೋಚನೆ.

ಮೂರನೆಯ ದಿನ ಬೆಳಿಗ್ಗೆ ಮಗ್ಗದ ಸದ್ದು ಕೇಳಿಸಿತು. ಓಡಿಹೋಗಿ ನೋಡಿದೆ. ಗುಂಡಿಯಲ್ಲಿ ಕೂತಿದ್ದವನು ಮಗ. ಇಷ್ಟು ವರ್ಷ ಅಪ್ಪ ಅವನನ್ನು ನೂಲು ಸುತ್ತುವುದಕ್ಕಿಂತ ಮುಂದೆ ಬಿಟ್ಟಿರಲಿಲ್ಲ. ಮುಂದಿನ ವಾರ ಮಗನ ಮೊದಲ ಕಂಬಳಿಯ ಪರೀಕ್ಷೆಯಾಯಿತು. ನಾಲ್ವರು ಮೂಲೆ ಹಿಡಿದರು. ತಾತ ಒಂದು ಮಣೆ ತಂದು ಕಂಬಳಿಯ ಕೆಳಗೇ ಹಾಕಿಕೊಂಡು, ಬೋಳು ತಲೆ ಮೇಲೆ ಮಾಡಿ ಕೂತುಬಿಟ್ಟ! ಕೊಡ ಅಜ್ಜಿಯ ಕೈಯಲ್ಲಿತ್ತು. ಅವಳು ಹುಯ್ದ ಉತ್ಸಾಹ ನೋಡಿದರೆ, ಉಪ್ಪಿನ ಲೆಕ್ಕವೂ ಸೇರಿ ತೀರುತ್ತಿದೆ ಎನ್ನಿಸಿತು.

"ಹುಯ್ಯೇ, ಹುಯ್ಯಿ. ಕಣ್ಣು ಹೋದ್ರೆ ಹೋಗ್ಲಿ. ಈ ಬೋಡು ತಲೆಗೆ ದಾಕ್ಷಿಣ್ಯ ಇಲ್ಲ ಕಣ್ರಲಾ. ಹಾ! ಬಿತ್ತು! ಬಿಚ್ಚು ಮಗನೆ, ಬಿಚ್ಚು!" ಎಂದು ತಾತ ಕೆಳಗಿನಿಂದ ಕೂಗಿದ. ಅಷ್ಟು ಸಂತೋಷದ ದನಿಯನ್ನು ಅವನಿಂದ ನಾನು ಹಿಂದೆ ಕೇಳಿರಲಿಲ್ಲ. ಅವತ್ತಿನಿಂದ ಆ ತಲೆ ದಾಟದೆ ಒಂದು ಕಂಬಳಿಯೂ ಆ ಮನೆಯಿಂದ ಹೊರಗೆ ಹೋಗಲಿಲ್ಲ.

ನಾನು ಸೋರುತ್ತದೆಂದ ಕಂಬಳಿಯನ್ನು ತಾತ ನನಗೇ ಕೊಟ್ಟ. "ಸೋರ್ತದೆ ಅಂತ ಗೊತ್ತಿರೋರ ಹತ್ರಾನೇ ಇರ್ಲಿ. ಬ್ಯಾರೆಯೋರು ಮೋಸ ಹೋಗ್ಬಾರ್ದು" ಎಂದ.

ಮುಂದಿನ ವರ್ಷ ನನಗೆ ಕೊರಟಗೆರೆಗೆ ವರ್ಗವಾಯಿತು. ಚಾವಡಿಯಲ್ಲಿ ಊರವರು ಸೇರಿ ಹಾರ ಹಾಕಿದರು. ಪಟೇಲರು ನನ್ನಂಥ ಮೇಷ್ಟರಿಲ್ಲ ಎಂದರು, ಶಾನುಭೋಗರು ನನ್ನ ಬಾಯಲ್ಲಿ ಸತ್ಯವೇ ಬರುತ್ತದೆ ಎಂದರು. ನಾನು ಬೇಡ ಬೇಡ ಎನ್ನುವಂತೆ ತಲೆಯಾಡಿಸುತ್ತ ಒಂದೊಂದು ಮಾತನ್ನೂ ಒಳಗೆ ಇಳಿಸಿಕೊಳ್ಳುತ್ತಿದ್ದೆ. ಆಗ ಹಿಂದಿನ ಸಾಲಿನಿಂದ ತಾತ ಕೋಲೂರಿ ಎದ್ದ.

"ಎಲ್ಲಾ ಸರಿ ಕಣ್ರಪ್ಪ. ಮೇಷ್ಟ್ರು ಒಳ್ಳೇರು. ಇಡೀ ಊರಾಗೆ ನಿಜ ಹೇಳ್ದೋರು ಅವ್ರೊಬ್ರೇ. ಆದ್ರೆ ಯುಗಾದೀಲಿ ಕಂಡಿದ್ನ ಹಸ್ತದಾಗೆ ಹೇಳುದ್ರು. ಆರು ತಿಂಗ್ಳು! ಅಷ್ಟ್ರಾಗೆ ಎಷ್ಟು ಜನ ನೆಂದ್ರೋ. ಮೇಷ್ಟ್ರೆ, ನಿಮ್ಮ ತೂತು ಅದೇ. ನೋಡ್ಕೊಳ್ಳಿ."

ಹೇಳಿ ಕೂತ. ಹಾರದೊಳಗೆ ನನ್ನ ಮುಖ ಬಿಸಿಯಾಯಿತು. ತಾತನ ಕಣ್ಣು ಹೋಗುತ್ತಿದೆ, ಊರೆಲ್ಲ ಮುಚ್ಚಿಟ್ಟಿತು, ಮಗನೇ ಕಣ್ಣು ಮಿಟುಕಿಸಿದ ಎಂದು ನಾನು ಆರು ತಿಂಗಳೂ ನನಗೇ ಹೇಳಿಕೊಂಡಿದ್ದ ಮಳೆಗಳೆಲ್ಲ ಒಟ್ಟಿಗೆ ನೆನಪಾದವು. ಎದ್ದು ಹೋಗಿ, ಹಾರ ತೆಗೆದು ತಾತನ ಕೊರಳಿಗೆ ಹಾಕಿದೆ. "ನೆತ್ತಿ ತಣ್ಣಗಾಯ್ತಾ?" ಎಂದು ಅವನು ನನಗೊಬ್ಬನಿಗೇ ಕೇಳಿಸುವಂತೆ ಕೇಳಿ, ಬೆರಳನ್ನು ನನ್ನ ಪಂಚೆಗೆ ಒರೆಸಿದ.

ಅದೇ ನಮ್ಮ ಕಡೆಯ ಮಾತು. ಆ ಕಂಬಳಿಯನ್ನು ನಾನು ರಿಪೇರಿ ಮಾಡಿಸಿಲ್ಲ. ತಲೆಯ ಮೇಲಿಂದ ಕೊಪ್ಪೆ ಮಾಡಿ ಹೊದ್ದರೆ ಅದರ ಒಂದು ತೂತು ಸರಿಯಾಗಿ ಎಡ ಹೆಗಲಿಗೆ ಬರುತ್ತದೆ.

ನಿನ್ನೆ ಸಂಜೆ ಶಾಲೆಯಿಂದ ಅದನ್ನು ಹೊದ್ದು ಬರುತ್ತಿದ್ದೆ. ಜೊತೆಯ ಮೇಷ್ಟರೊಬ್ಬರು ದಾರಿಯುದ್ದಕ್ಕೂ ತಾವು ಪಾಠ ಮಾಡುವ ರೀತಿಯನ್ನು ವರ್ಣಿಸಿ, ನೀವೇನಂತೀರಿ ಎಂದು ಕೇಳಿದರು. ಅವರ ಪಾಠದಲ್ಲಿ ನಾನು ಕಂಡಿದ್ದ ಕೊರತೆಯನ್ನು ಹೇಳಬಹುದಾಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡು, ಚೆನ್ನಾಗಿದೆ ಎಂದೆ. ಮನೆಗೆ ಬಂದಾಗ ಎಡ ಹೆಗಲು ಪೂರಾ ಒದ್ದೆಯಾಗಿತ್ತು. ಹೆಂಡತಿ ನೋಡಿ, ಮಳೆ ಅಷ್ಟು ಜೋರಿತ್ತೆ ಎಂದು ಕೇಳಿದಳು.

ಇಲ್ಲ, ಮಳೆ ಅಂಥಾದ್ದೇನೂ ಇರಲಿಲ್ಲ.